ಘಾಟಿ ಇಳಿಯೋಕೆ ಭಯ, ಹರಕೆ ದುಡ್ಡು ಬೀರುವಲ್ಲಿ

ಪ್ರಶ್ನೆ: ಮೇಡಂ, ದಯವಿಟ್ಟು ಹೆಸರು ಹಾಕ್ಬೇಡಿ. ನಾವು ಮೂಡಿಗೆರೆ ಕಡೆಯವ್ರು, ಸಣ್ಣ ಕಾಫಿ ತೋಟ ಇದೆ. ಜೂನ್ ಕೊನೇಲಿ ನಾನು, ನಮ್ಮನೆಯವ್ರು, ಮಗಳು ಚಾರ್ಮಾಡಿ ಘಾಟಿ ಇಳೀತಿದ್ವಿ, ಮಳೆ ಅಂದ್ರೆ ಮಳೆ, ಮಂಜು ಬೇರೆ, ಒಂದು ತಿರುವಲ್ಲಿ ಕಾರು ಜಾರಿ ತಡೆಗೋಡೆ ಒಡ್ಕೊಂಡು ನಿಂತ್ಬಿಡ್ತು, ಮುಂದಿನ ಒಂದು ಚಕ್ರ ಗಾಳೀಲಿ. ಮಂಗಳೂರಿಂದ ಹತ್ತಿ ಬರ್ತಿದ್ದ ಮೀನಿನ ಗಾಡಿಯವ್ರು ಇಬ್ರು ಹಿಂದಿನ ಬಾಗಿಲಿಂದ ನಮ್ಮನ್ನ ಎಳ್ಕೊಂಡ್ರು. ಯಾರಿಗೂ ಒಂದು ಗೀರೂ ಆಗಿಲ್ಲ. ಆ ಹೊತ್ತಲ್ಲಿ ಧರ್ಮಸ್ಥಳದ ಸ್ವಾಮಿಗೆ 25 ಸಾವಿರ ಹಾಕ್ತೀನಿ, ಉಳಿಸಪ್ಪ ಅಂತ ಬಾಯಿಂದ ಬಂದ್ಬಿಡ್ತು. ಈಗ ನಾಲ್ಕು ತಿಂಗಳು. ಎಲ್ರೂ ಪುಣ್ಯ ಮಾಡಿದ್ರಿ, ಪುನರ್ಜನ್ಮ ಅಂತಾರೆ, ನಾನೂ ಹೂಂ ಹೂಂ ಅಂತೀನಿ, ಆದ್ರೆ ಒಳಗೆ ಕೃತಜ್ಞತೆ ಅನ್ನೋದು ಒಂದು ಚೂರೂ ಹುಟ್ತಿಲ್ಲ ಮೇಡಂ, ರಾತ್ರಿ ಹೆಂಚಿನ ಮೇಲೆ ಮಳೆ ಬಿದ್ರೆ ಎದ್ದು ಕೂರ್ತೀನಿ, ಅಷ್ಟೇ. ಅತ್ತೆ ಹರಕೆ ಯಾವಾಗ ತೀರಿಸ್ತೀಯ ಅಂತ ದಿನಾ ಕೇಳ್ತಾರೆ. ಧರ್ಮಸ್ಥಳಕ್ಕೆ ಹೋಗ್ಬೇಕು ಅಂದ್ರೆ ಅದೇ ಘಾಟಿ ಇಳೀಬೇಕಲ್ಲ. ಮೊನ್ನೆ ಅಕ್ಟೋಬರ್ 10ಕ್ಕೆ ಮಾನಸಿಕ ಆರೋಗ್ಯ ದಿನ ಅಂತ ರೇಡಿಯೋದಲ್ಲಿ ಕೇಳ್ದಾಗ ಅನ್ನಿಸ್ತು, ಆ ದುಡ್ಡನ್ನ ಮಾನಸಿಕ ಆರೋಗ್ಯದ ಕೆಲಸ ಮಾಡೋ ಸಂಸ್ಥೆಗೇ ಕೊಟ್ಬಿಟ್ರೆ ಹೇಗೆ ಅಂತ. ತಪ್ಪಾಗುತ್ತಾ? ಯಾವ ಸಂಸ್ಥೆಗೆ ಕೊಡ್ಲಿ?

ಉತ್ತರ: ತಪ್ಪೇನೂ ಇಲ್ಲ. ಆದ್ರೆ ದುಡ್ಡಿನ ವಿಷಯ ಆಮೇಲೆ ಮಾತಾಡೋಣ, ಯಾಕಂದ್ರೆ ನಿಮ್ಮ ಪತ್ರ ಎರಡು ಸಲ ಓದಿದ ಮೇಲೆ ನನಗೆ ಕಂಡಿದ್ದು ದುಡ್ಡು ಅಲ್ಲ, ರಸ್ತೆ. ಸಂಸ್ಥೆಗೆ ಕೊಟ್ಬಿಟ್ರೆ ಘಾಟಿ ಇಳಿಯೋದು ತಪ್ಪುತ್ತೆ ಅನ್ನೋ ಲೆಕ್ಕ ಎಲ್ಲೋ ಮೂಲೇಲಿ ಇದೆಯಾ ನೋಡ್ಕೊಳ್ಳಿ. ಇದ್ರೆ ನಾಚಿಕೆ ಪಡೋಂಥದ್ದೇನಲ್ಲ, ನಾನಾಗಿದ್ರೂ ಹಂಗೇ ಮಾಡ್ತಿದ್ದೆ.

ಕೃತಜ್ಞತೆ ಹುಟ್ತಿಲ್ಲ ಅಂದ್ರಿ. ಎಲ್ಲಿಂದ ಹುಟ್ಬೇಕು ಹೇಳಿ, ನಿಮ್ಮ ಮೈಗೆ ಇನ್ನೂ ಜೂನ್ ತಿಂಗಳೇ ಮುಗಿದಿಲ್ಲ. ಹೆಂಚಿನ ಮೇಲೆ ಹನಿ ಬಿದ್ರೆ ಅದಕ್ಕೆ ಕಾರು ಜಾರ್ತಾ ಇದೆ. ನಮ್ಮಜ್ಜಿ ಬೆಚ್ಚಿಬಿದ್ದ ಮಕ್ಕಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಮೂರು ರಾತ್ರಿ ತಮ್ಮ ಮಗ್ಗುಲಲ್ಲೇ ಮಲಗಿಸ್ಕೋತಿದ್ರು, ಮೆಣಸಿನಕಾಯಿ ಏನು ಮಾಡ್ತಿತ್ತೋ ಗೊತ್ತಿಲ್ಲ, ಮಗ್ಗುಲು ಮಾತ್ರ ಕೆಲಸ ಮಾಡ್ತಿತ್ತು. ಬೆಚ್ಚಿದ ಮಗೂನ ಎದುರಿಗೆ ಕೂರಿಸ್ಕೊಂಡು ಉಳ್ಕೊಂಡ್ಯಲ್ಲ, ಖುಷಿಪಡು ಅಂತ ಅವ್ರು ಹೇಳಿದ್ದು ನಾನು ಕೇಳಿಲ್ಲ. ದೊಡ್ಡವರಿಗೆ ಮಾತ್ರ ನಾವು ಹಂಗೆ ಹೇಳ್ತೀವಿ.

ಈಗ ವಾಟ್ಸಾಪ್‌ನಲ್ಲೆಲ್ಲ ದಿನಾ ಮೂರು ಒಳ್ಳೇ ವಿಷಯ ಬರೀರಿ, ಮನಸ್ಸು ಹಗುರ ಆಗುತ್ತೆ ಅಂತ ಬರುತ್ತಲ್ಲ, ಅದು ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲಿ ಎಮನ್ಸ್, ಮೆಕಲಾ ಅನ್ನೋ ಇಬ್ರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ, ಕಾಲೇಜು ಹುಡುಗ್ರಿಗೆ 10 ವಾರ ವಾರಕ್ಕೊಂದ್ಸಲ ಯಾವುದಕ್ಕೆ ಋಣಿ ಅಂತ ಬರೆಸಿದ್ರು, ಕಿರಿಕಿರಿಗಳ ಪಟ್ಟಿ ಬರೆದವರಿಗಿಂತ ಇವ್ರಿಗೆ ತಮ್ಮ ಬದುಕು ಚೆನ್ನಾಗಿದೆ ಅನ್ನಿಸ್ತು. ಸರಿ. ಆದ್ರೆ ಅವ್ರು ಕ್ಲಾಸಿಗೆ ಹೋಗಿ ಬರ್ತಿದ್ದ ಹುಡುಗ್ರು, ಒಂದು ಚಕ್ರ ಗಾಳೀಲಿ ಇಟ್ಕೊಂಡು ಕೂತವ್ರಲ್ಲ. ಆ ನೋಟ್‌ಬುಕ್ ಸದ್ಯ ಎತ್ತಿಡಿ.

ನಾನು ಡಾಕ್ಟ್ರಲ್ಲ, ಆದ್ರೂ ಇಷ್ಟು ಹೇಳಬಲ್ಲೆ. ಇಂಥದ್ದು ಆದ ಮೇಲೆ ಮೊದಲ ಕೆಲವು ವಾರ ನಿದ್ದೆ ಬರದೇ ಇರೋದು, ಅದೇ ದೃಶ್ಯ ಕಣ್ಮುಂದೆ ಬರೋದು ತುಂಬಾ ಜನಕ್ಕೆ ಆಗುತ್ತೆ, ಹೆಚ್ಚಿನವರಿಗೆ ತಾನಾಗೇ ಇಳಿದುಹೋಗುತ್ತೆ. ಒಂದು ತಿಂಗಳು ದಾಟಿದ ಮೇಲೂ ಕನಸು, ಬೆಚ್ಚೋದು, ಆ ಜಾಗ ತಪ್ಪಿಸ್ಕೊಂಡು ಓಡಾಡೋದು ಇದ್ರೆ ಪಿಟಿಎಸ್‌ಡಿ, ಅಂದ್ರೆ ಆಘಾತ ಆದ ಮೇಲೂ ಮನಸ್ಸಲ್ಲಿ ಉಳ್ಕೊಳ್ಳೋ ಕಾಯಿಲೆ, ಇರಬಹುದಾ ಅಂತ ಡಾಕ್ಟ್ರು ನೋಡ್ತಾರೆ. ನಿಮಗೆ ನಾಲ್ಕು ತಿಂಗಳಾಗಿದೆ. ಇದಕ್ಕೆ ಒಳ್ಳೇ ಚಿಕಿತ್ಸೆ ಇದೆ, ಬರೀ ಮಾತಿನ ಚಿಕಿತ್ಸೆಯಲ್ಲೇ ತುಂಬಾ ಜನ ಸುಧಾರಿಸ್ಕೋತಾರೆ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಫೋನ್ ಸೇವೆ ಇದೆ, 14416, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು, 2022ರ ಅಕ್ಟೋಬರ್‌ನಿಂದ ನಡೀತಾ ಇದೆ. ರಾತ್ರಿ ಎದ್ದು ಕೂತಾಗಲೇ ಮಾಡಿ. ಎದುರಾ ಎದುರು ಕೂತು ಮಾತಾಡ್ಬೇಕು ಅಂದ್ರೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರ್ತಾರೆ, ನಿಮ್ಮಲ್ಲಿ ಯಾವ ವಾರ ಅಂತ ಒಂದು ಫೋನ್ ಮಾಡಿ ಕೇಳ್ಕೊಂಡು ಹೋಗಿ.

ಅವ್ರ ಹತ್ರ ಘಾಟಿ ವಿಷಯ ಬಿಡಿಸಿ ಹೇಳಿ. ತಪ್ಪಿಸಿದಷ್ಟೂ ಆ ರಸ್ತೆ ದೊಡ್ಡದಾಗ್ತಾ ಹೋಗುತ್ತೆ, ಹಾಗಂತ ಗಂಡ ಕೂರು ಅಂದ ತಕ್ಷಣ ಕೂತು ಕಣ್ಮುಚ್ಕೊಂಡು ಉಜಿರೆವರೆಗೂ ಇಳಿಯೋದೂ ಬೇಡ. ಸ್ವಲ್ಪ ಸ್ವಲ್ಪ. ಕೌನ್ಸೆಲರ್ ಸರಿ ಅಂದ ಮೇಲೆ ಮಳೆ ಇಲ್ಲದ ದಿನ, ಬೆಳಿಗ್ಗೆ, ಕೊಟ್ಟಿಗೆಹಾರದವರೆಗೆ ಹೋಗಿ ನೀರ್ದೋಸೆ ತಿಂದು ವಾಪಸ್ ಬನ್ನಿ, ಅಷ್ಟೇ. ಇನ್ನೊಂದು ದಿನ ಮಲಯಮಾರುತದವರೆಗೆ. ಅಲ್ಲಿ ಎದೆ ಹೊಡ್ಕೊಂಡ್ರೆ ತಕ್ಷಣ ಗಾಡಿ ತಿರುಗಿಸ್ಬೇಡಿ, ಸ್ವಲ್ಪ ಹೊತ್ತು ನಿಂತು, ಕಡಿಮೆ ಆದ ಮೇಲೆ ಬನ್ನಿ. ಆ ತಿರುವು ಎಷ್ಟನೇ ಸಲಕ್ಕೆ ಬರುತ್ತೋ ಬರ್ಲಿ, ಮಂಜುನಾಥ ಸ್ವಾಮಿ ಎಲ್ಲೂ ಹೋಗಲ್ಲ.

ಇನ್ನೊಂದು. ಮಗಳ ಬಗ್ಗೆ ನಿಮ್ಮ ಪತ್ರದಲ್ಲಿ ಇರೋದು ಒಂದೇ ಪದ. ಅವಳೂ ಆ ಕಾರಲ್ಲೇ ಇದ್ಲಲ್ಲ. ಮಕ್ಕಳು ಬಾಯಲ್ಲಿ ಹೇಳಲ್ಲ, ಹೊಟ್ಟೆನೋವು ಅಂತಾರೆ, ಸ್ಕೂಲ್ ಬಸ್ ಬೇಡ ಅಂತಾರೆ, ಸುಮ್ಮನೆ ಅಂಟ್ಕೊಂಡಿರ್ತಾರೆ. ಕೇಳಿ ನೋಡಿ. ಸ್ಟೇರಿಂಗ್ ಹಿಡಿದಿದ್ದ ನಿಮ್ಮನೆಯವ್ರನ್ನೂ ಕೇಳಿ, ಅವ್ರಿಗೆ ಇನ್ನೊಂದು ಥರದ ರಾತ್ರಿ ಇರಬಹುದು, ಗಂಡಸ್ರು ಅದನ್ನ ಟೈರ್ ಸರಿ ಇರ್ಲಿಲ್ಲ ಅನ್ನೋ ಒಂದೇ ವಾಕ್ಯದಲ್ಲಿ ಮುಗಿಸಿಬಿಡ್ತಾರೆ.

ಮೀನಿನ ಗಾಡಿಯವರ ಹೆಸರು ನಂಬರ್ ನೀವು ಬರೆದಿಲ್ಲ, ತಗೊಂಡಿರಲ್ಲ ಅನ್ಕೋತೀನಿ. ಸ್ಟೇಷನ್ನು ಸಾಕ್ಷಿ ಅಂತ ಅಲೆಸ್ತಾರೆ ಅನ್ನೋ ಹೆದರಿಕೆಗೆ ಬೇಗ ಹೊರಟುಹೋಗೋರು ಇನ್ನೂ ಇದ್ದಾರೆ, ಸಹಾಯ ಮಾಡಿದವರನ್ನ ಕಾಡಬಾರದು ಅಂತ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲೇ ಇದ್ರೂ. ಆ ರಸ್ತೇಲಿ ದಿನಾ ಓಡಾಡೋ ಗಾಡಿ ಅದು. ಕೊಟ್ಟಿಗೆಹಾರದ ಹೋಟ್ಲಲ್ಲಿ ನೀರ್ದೋಸೆ ತಿನ್ನೋವಾಗ ಕೇಳಿ ನೋಡಿ, ಜೂನ್‌ನಲ್ಲಿ ಇಂಥ ತಿರುವಲ್ಲಿ ಕಾರಿನವ್ರನ್ನ ಎಳೆದವ್ರು ಯಾರು ಅಂತ. ಸಿಕ್ಕಿದ್ರೆ ಅವ್ರ ಮುಖ ನೋಡಿದಾಗ ಏನಾಗುತ್ತೆ ನನಗೊಂದು ಪತ್ರ ಬರೀರಿ. ಸಿಗದಿದ್ರೂ ದೋಸೆ ಅಂತೂ ಆಯ್ತು.

ಈಗ ದುಡ್ಡು. ಅತ್ತೆ ಜೊತೆ ಜಗಳ ಬೇಡ. ಧರ್ಮಸ್ಥಳ ಹೆಸರಾಗಿರೋದೇ ನಾಲ್ಕು ದಾನಕ್ಕೆ, ಅನ್ನ, ಔಷಧ, ವಿದ್ಯೆ, ಅಭಯ. ಕೊನೇದು ನೋಡಿ, ಅಭಯದಾನ, ಹೆದರಿದವರಿಗೆ ಧೈರ್ಯ ಕೊಡೋದು. ಮನಸ್ಸಿನ ಕಾಯಿಲೆಯವರಿಗೆ ಕೊಟ್ಟಿದ್ದು ಔಷಧದಾನವೂ ಆಯ್ತು, ಅಭಯದಾನವೂ ಆಯ್ತು ಅಂತ ಅತ್ತೆಗೆ ಹೇಳಿ, ಒಪ್ತಾರೆ. ಆದ್ರೂ ನನ್ನ ಸಲಹೆ ಏನಂದ್ರೆ ಬಾಯಲ್ಲಿ ಆಡಿದ 25 ಸಾವಿರ ಅಲ್ಲಿಗೇ ಇರ್ಲಿ, ಇವತ್ತಲ್ಲ ನಾಳೆ ಘಾಟಿ ಇಳಿದಾಗ ಹುಂಡಿಗೆ ಹಾಕಿ. ಇಲ್ದಿದ್ರೆ ಇನ್ನೊಂದು ವರ್ಷ ಆದ ಮೇಲೆ ಮನೇಲಿ ಯಾರಿಗಾದ್ರೂ ಜ್ವರ ಬಂದ್ರೂ ನೀವು ಹರಕೆ ಮೇಲೆ ಹಾಕ್ತೀರ, ನಾನು ಬಲ್ಲೆ ನಮ್ಮ ಜನಾನ. ಸಂಸ್ಥೆಗೆ ಬೇರೆಯಾಗಿ, ತಿಂಗಳಿಗೆ 500 ರೂಪಾಯಿ ಥರ ಕೊಡಿ. ಒಂದೇ ಸಲ ಬಂದು ಹೋಗೋ ದುಡ್ಡಿಗಿಂತ ಪ್ರತಿ ತಿಂಗಳು ಬರೋ ಸಣ್ಣ ದುಡ್ಡು ನಂಬ್ಕೊಂಡು ಅವ್ರು ಒಬ್ರನ್ನ ಕೆಲಸಕ್ಕೆ ಇಟ್ಕೋಬೋದು.

ಯಾರಿಗೆ ಅಂದ್ರೆ, ಹಳ್ಳಿ ಕಡೆ ಕೆಲಸ ಮಾಡೋರನ್ನ ಮೊದ್ಲು ನೋಡಿ ಅಂತೀನಿ. ನಿಮ್ಹಾನ್ಸ್‌ನವ್ರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಕಾಯಿಲೆಗೆ ತಕ್ಕಂಗೆ, ಚಿಕಿತ್ಸೆ ಬೇಕಿದ್ದವರಲ್ಲಿ 70ರಿಂದ 92 ಪರ್ಸೆಂಟ್ ಜನಕ್ಕೆ ಅದು ಸಿಕ್ಕಿರ್ಲಿಲ್ಲ. ಮಾತ್ರೆ ಬೆಲೆ ಎಷ್ಟೋ ಸಲ ಕಡಿಮೇನೇ, ಬಸ್ ಚಾರ್ಜು, ಜೊತೆಗೆ ಬರೋರ ಒಂದು ದಿನದ ಕೂಲಿ, ಊರಲ್ಲಿ ಯಾರಾದ್ರೂ ನೋಡ್ತಾರೆ ಅನ್ನೋ ಅಂಜಿಕೆ, ಇವೇ ದೊಡ್ಡವು. ದೀಪಿಕಾ ಪಡುಕೋಣೆ 2015ರಲ್ಲಿ ಶುರು ಮಾಡಿದ ಲಿವ್ ಲವ್ ಲಾಫ್ ಸಂಸ್ಥೆಯ ಗ್ರಾಮೀಣ ಕೆಲಸ ಮೊದಲಾಗಿದ್ದು ನಮ್ಮ ದಾವಣಗೆರೆ ಜಿಲ್ಲೇಲೇ. ಆಸ್ಪತ್ರೆಯಿಂದ ಬಂದವ್ರು ಮತ್ತೆ ಅಡುಗೆ, ಕೆಲಸ, ಸಂಬಳ ಅಂತ ನಿಂತ್ಕೊಳ್ಳೋಕೆ ಬೇಕಾದ ಮನೆಗಳನ್ನ ಬೆಂಗಳೂರಲ್ಲಿ ರಿಚ್ಮಂಡ್ ಫೆಲೋಶಿಪ್ ಸೊಸೈಟಿ, ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್ ಥರದವ್ರು ಎಷ್ಟೋ ವರ್ಷದಿಂದ ನಡೆಸ್ತಾ ಇದ್ದಾರೆ, ಅವ್ರ ಫೋಟೋ ಪೇಪರ್‌ನಲ್ಲಿ ಅಷ್ಟು ಬರಲ್ಲ. ಆದ್ರೆ ಮೊದಲ 500 ಕಳಿಸೋದು ನಿಮ್ಮ ಮೊದಲ ಕೌನ್ಸೆಲಿಂಗ್ ಆದ ಮೇಲೆ. ಇದು ನನ್ನ ಷರತ್ತು.

ಪ್ರಶ್ನೆ: ನಮಸ್ಕಾರ್ರಿ, ನಾ ಧಾರವಾಡದಾಂವ. ಹೋದ ವರ್ಷ ನಮ್ಮ ತಮ್ಮ ಮನಿ ಬಿಟ್ಟು ಹೋಗಿದ್ದ, ತಲಿ ಸರಿ ಇರಲಿಲ್ಲ ಆಗ, ಮೂರು ದಿನ ಎಲ್ಲೂ ಸಿಗಲಿಲ್ಲ, ನಾಕನೇ ದಿನ ಮಿರಜ್ ಸ್ಟೇಷನ್ನಿನ್ಯಾಗ ಯಾರೋ ಒಬ್ರು ಊಟಾ ಕೊಟ್ಟು ಕೂಡಿಸ್ಕೊಂಡು ನಮಗ ಫೋನ್ ಮಾಡಿದ್ರು. ಈಗ ಗುಳಿಗಿ ತಗೊಂಡು ಆರಾಮ ಅದಾನ, ಅಂಗಡ್ಯಾಗ ಕುಂದರತಾನ. ಮೂರು ದಿನ ನಮ್ಮವ್ವ ಹೆಂಗ ಇದ್ದಳು ಅಂತ ನನಗ ಗೊತ್ತು. ಗೆಳ್ಯಾರೆಲ್ಲಾ ಸೇರಿ ಒಂದಿಷ್ಟು ರೊಕ್ಕಾ ಕೂಡಿಸಿ ಇಂಥವರಿಗೆ ಕೊಡೂಣು ಅಂತ ಮಾಡೇವಿ. ಖರೇ ಸಂಸ್ಥಾ ಯಾವುದು, ಖೊಟ್ಟಿ ಯಾವುದು ಅಂತ ತಿಳ್ಯೂದು ಹೆಂಗ್ರಿ? ಒಮ್ಮೆ ಮೋಸ ಹೋಗೇವಿ.

ಉತ್ತರ: ಅಂಗಡೀಲಿ ಕೂರ್ತಾನೆ ಅಂತ ಓದಿ ಖುಷಿಯಾಯ್ತು ಸರ್, ಅದನ್ನ ಪತ್ರದ ಮೊದಲ ಸಾಲಲ್ಲೇ ಬರೀಬೇಕಿತ್ತು ನೀವು.

ಹೀಗೆ ದಾರಿ ತಪ್ಪಿ ಅಲೆಯೋ ಮನೋರೋಗಿಗಳಿಗಾಗೇ ಕೆಲಸ ಮಾಡೋರಿದ್ದಾರೆ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಡಾ. ಭರತ್ ವಾಟ್ವಾನಿ ಅವರ ಶ್ರದ್ಧಾ ರಿಹ್ಯಾಬಿಲಿಟೇಷನ್ ಫೌಂಡೇಷನ್ ರಸ್ತೇಲಿ ಇರೋರನ್ನ ಕರ್ಕೊಂಡು ಹೋಗಿ ಚಿಕಿತ್ಸೆ ಕೊಟ್ಟು, ಊರು ನೆನಪಾದ ಮೇಲೆ ಮನೆವರೆಗೂ ಬಿಟ್ಟು ಬರುತ್ತೆ, 2018ರಲ್ಲಿ ಅವ್ರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಚೆನ್ನೈನ ಬ್ಯಾನಿಯನ್ ಸಂಸ್ಥೆ 1993ರಿಂದ ಇದೇ ಕೆಲಸದಲ್ಲಿದೆ, ಮೊದಲು ಬೀದಿಯಲ್ಲಿದ್ದ ಹೆಂಗಸರಿಗೆ ಅಂತ ಶುರುವಾಗಿದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಲೆಯೋ ಮನೋರೋಗಿ ಕಂಡ್ರೆ ರಕ್ಷಣೆ ಕೊಡೋದು ಪೊಲೀಸರ ಡ್ಯೂಟಿ, ಗೆಳೆಯರಿಗೆಲ್ಲ ಹೇಳಿಡಿ.

ಖೊಟ್ಟಿ ಯಾವುದು ಅಂತ ಪೂರ್ತಿ ಗ್ಯಾರಂಟಿಯಾಗಿ ಹೇಳೋ ಸರ್ಟಿಫಿಕೇಟ್ ಇಲ್ಲ, ಆದ್ರೂ ಕೆಲವು ಕೇಳಬಹುದು. ಆದಾಯ ತೆರಿಗೆ ಇಲಾಖೆಯಲ್ಲಿ ದಾನ ತಗೊಳ್ಳೋ ಸಂಸ್ಥೆ ಅಂತ ನೋಂದಣಿ (12ಎ, 80ಜಿ ಅಂತಾರೆ) ಇದೆಯಾ, ಪ್ಯಾನ್ ನಂಬರ್ ಇರೋ ರಸೀದಿ ಕೊಡ್ತಾರಾ, ವರ್ಷದ ಆಡಿಟ್ ಲೆಕ್ಕ ತೋರಿಸ್ತಾರಾ. 2000 ರೂಪಾಯಿ ಮೇಲೆ ಕ್ಯಾಶ್ ಕೊಟ್ರೆ ತೆರಿಗೆ ರಿಯಾಯಿತಿ ಸಿಗಲ್ಲ, ಆ ರಿಯಾಯಿತಿ ಇರೋದೂ ಹಳೇ ಪದ್ಧತೀಲಿ ರಿಟರ್ನ್ ಹಾಕೋರಿಗೆ. ಹಾಗಾಗಿ ಒಬ್ಬನ ಕೈಗೆ ಕ್ಯಾಶ್ ಕೂಡಿಸೋದು ಬಿಡಿ, ಒಬ್ಬೊಬ್ರೂ ನೇರವಾಗಿ ಸಂಸ್ಥೆ ಖಾತೆಗೇ ಹಾಕಿ, ಹೋದ ಸಲದ ಮೋಸ ಅಲ್ಲೇ ಆಗಿರುತ್ತೆ ಅಂತ ನನ್ನ ಅನುಮಾನ. ಇನ್ನೊಂದು ಪರೀಕ್ಷೆ ನಂದೇ ಸ್ವಂತದ್ದು: ಪೇಶೆಂಟ್‌ಗಳ ಮುಖ ಕಾಣೋ ಫೋಟೋ, ಸ್ನಾನ ಮಾಡ್ಸೋ ವಿಡಿಯೋ ಹಾಕಿ ದುಡ್ಡು ಕೇಳೋರಿಗೆ ನಾನು ಕೊಡಲ್ಲ. ನಿಮ್ಮ ತಮ್ಮನ ವಿಡಿಯೋ ಮಿರಜ್‌ನಲ್ಲಿ ಯಾರಾದ್ರೂ ಹಾಕಿದ್ರೆ ಈಗ ಅಂಗಡಿ ಗಲ್ಲೆ ಮೇಲೆ ಕೂರೋದು ಅವನಿಗೆ ಎಷ್ಟು ಕಷ್ಟ ಆಗ್ತಿತ್ತು ಯೋಚಿಸಿ.

ರೊಕ್ಕ ಕೂಡಿಸೋಕೆ ಸೇರಿದಾಗ ಗೆಳೆಯರಿಗೆ ಇನ್ನೊಂದು ಹೇಳಿ. ಬೆಂಗಳೂರಲ್ಲಿ ನಾವು ಜಗಳಾಡಿದ್ರೆ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಇವನ್ನ ಅಂತೀವಿ, ಧಾರವಾಡದಲ್ಲೂ ಮಾನಸಿಕ ಆಸ್ಪತ್ರೆ ಇರೋದ್ರಿಂದ ಉತ್ತರ ಕರ್ನಾಟಕದ ಕಡೆ ಧಾರವಾಡಕ್ಕ ಕಳಸ್ರಿ ಅಂತಾರೆ, ಆ ಊರಲ್ಲೇ ಇರೋರಿಗೆ ಅದು ಹೆಂಗೆ ಕೇಳ್ಸುತ್ತೋ. ನಿಮ್ಮ ತಮ್ಮ ಕೂತಿರೋ ಅಂಗಡಿ ಮುಂದೆ ಆ ಜೋಕ್ ಬೇಡ ಅಂತ ಹೇಳೋಕೆ ರಸೀದಿ ಬೇಕಾಗಿಲ್ಲ.

ಪ್ರಶ್ನೆ: ಹಾಯ್ ಮೇಡಂ, ಬೆಂಗಳೂರು, ಐಟಿ. ಮಾರ್ಚ್‌ನಲ್ಲಿ ಎದೆ ಹಿಡ್ಕೊಂಡು ಹಾರ್ಟ್ ಅಟ್ಯಾಕೇ ಅಂತ ಆಂಬುಲೆನ್ಸ್‌ನಲ್ಲಿ ಹೋದೆ, ಸತ್ತೇ ಹೋದೆ ಅನ್ಕೊಂಡಿದ್ದೆ, ಇಸಿಜಿ ಎಲ್ಲಾ ನಾರ್ಮಲ್, ಪ್ಯಾನಿಕ್ ಅಟ್ಯಾಕ್ ಅಂದ್ರು. ಥೆರಪಿ ತಗೊಂಡು ಈಗ ಪರವಾಗಿಲ್ಲ. ಬದುಕಿದ್ದೀನಲ್ಲ ಅಂತ ಬೆಳಿಗ್ಗೆ ಕಾಫಿ ಕುಡಿಯೋವಾಗ್ಲೂ ಅನ್ಸುತ್ತೆ, ಸೀರಿಯಸ್ ಆಗಿ. 10ಕೆ ಓಡಿ ಮಾನಸಿಕ ಆರೋಗ್ಯಕ್ಕೆ ಫಂಡ್ ರೈಸ್ ಮಾಡೋಣ, ನನ್ನ ಕಥೆನೂ ಫೇಸ್‌ಬುಕ್‌ನಲ್ಲಿ ಪೋಸ್ಟ್ ಹಾಕೋಣ ಅಂತಿದ್ದೀನಿ. ಶೋ ಆಫ್ ಅನ್ಸುತ್ತಾ?

ಉತ್ತರ: ಕೆಲವರಿಗೆ ಅನ್ಸುತ್ತೆ, ಅವ್ರು ಹೇಗೂ ದುಡ್ಡು ಹಾಕೋರಲ್ಲ. ಓಡಿ. ಓಡುವಾಗ ಎದೆ ಡವಡವ ಅನ್ನೋದು, ಉಸಿರು ಕಟ್ಟೋದು ಎರಡೂ ಆಗುತ್ತೆ, ಪ್ಯಾನಿಕ್‌ನಲ್ಲೂ ಅದೇ ಆಗೋದ್ರಿಂದ ಶುರುವಿನಲ್ಲಿ ಗಾಬರಿ ಆಗ್ಬೋದು, ಥೆರಪಿಸ್ಟ್‌ಗೆ ಮೊದಲೇ ಹೇಳಿ ನಿಧಾನಕ್ಕೆ 2 ಕಿಲೋಮೀಟರ್‌ನಿಂದ ಶುರು ಮಾಡಿ. ಪೋಸ್ಟ್‌ನಲ್ಲಿ ಮಾತ್ರೆ ಹೆಸರು, ಡೋಸ್ ಹಾಕ್ಬೇಡಿ, ಓದಿದವ್ರು ಮೆಡಿಕಲ್ ಸ್ಟೋರ್‌ಗೆ ಹೋಗಿ ಅದನ್ನೇ ಕೇಳ್ತಾರೆ. ಆಫೀಸ್‌ನವ್ರು ಓದ್ತಾರೆ ಅನ್ನೋದಕ್ಕೆ ನೀವು ರೆಡಿನಾ ಅಂತ ಒಂದು ರಾತ್ರಿ ಯೋಚಿಸಿ. ಮತ್ತೆ ಊರಲ್ಲಿರೋ ಅಮ್ಮನಿಗೆ ಆಂಬುಲೆನ್ಸ್ ವಿಷಯ ಇನ್ನೂ ಹೇಳಿಲ್ಲ ಅಂತ ನನಗೆ ಗುಮಾನಿ. ಮೊದ್ಲು ಅವ್ರಿಗೆ ಫೋನ್ ಮಾಡಿ, ಪಕ್ಕದ ಮನೆಯವ್ರು ಪೋಸ್ಟ್ ತೋರಿಸಿ ಅವ್ರಿಗೆ ಗೊತ್ತಾಗೋದು ಬೇಡ.