ಊರಿನ ಋತುವಿಗೆ ಒಪ್ಪುವ ಶಿಬಿರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಂಚಭೂತ, ಋತುಮಾನ ಅಂತ ಹೆಸರಿಟ್ಟು ಬಡಾವಣೆಗಳಲ್ಲಿ, ಶಾಲೆಗಳಲ್ಲಿ, ಮಹಿಳಾ ಮಂಡಳಗಳಲ್ಲಿ ಸ್ವಾಸ್ಥ್ಯ ಶಿಬಿರ ನಡೆಸುವವರಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೆ ನಾಲ್ಕು ಶಿಬಿರ ಮಾಡಬೇಕೆಂದಿದ್ದೇವೆ, 40 ಜನ ಬರುತ್ತಾರೆ. ಯಾರೋ ಕಳಿಸಿದ ಸಿದ್ಧ ಯೋಜನೆಯಲ್ಲಿ ವಸಂತಕ್ಕೆ ಮರ, ಬೇಸಿಗೆಗೆ ಬೆಂಕಿ, ಶರತ್ತಿಗೆ ಲೋಹ, ಚಳಿಗೆ ನೀರು, ನಡುವೆ ಎಲ್ಲೋ ಮಣ್ಣು ಅಂತಿದೆ. ಪಂಚಭೂತದಲ್ಲಿ ಲೋಹ ಎಲ್ಲಿಂದ ಬಂತು? (ಬೆಂಗಳೂರು)

ಉತ್ತರ: ಅದು ಚೀನಾದ ಲೆಕ್ಕ. ಅಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು ಒಂದರಿಂದ ಒಂದು ಹುಟ್ಟುವ ಚಕ್ರ. ಅಲ್ಲಿಯ ಋತುಗಳನ್ನು ಅದಕ್ಕೆ ಜೋಡಿಸಿದ್ದಾರೆ. ಅವರ ಹವೆಗೆ ಅದು ಸರಿ. ನೀವು ಅದನ್ನೇ ಹಿಡಿದರೆ, ಜನವರಿಯ ಬೆಳಗ್ಗೆ ಸ್ವೆಟರ್ ಹಾಕಿಕೊಂಡು ಬಂದವರ ಕೈಗೆ ತಣ್ಣೀರಿನ ಬಕೆಟ್ ಕೊಡಬೇಕಾಗುತ್ತದೆ.

ನಮ್ಮ ಪಂಚಭೂತ ಮೊದಲು ಹೊಂದಿಕೊಂಡಿರುವುದು ಇಂದ್ರಿಯಗಳ ಜೊತೆ. ಆಕಾಶಕ್ಕೆ ಶಬ್ದ, ಗಾಳಿಗೆ ಸ್ಪರ್ಶ, ಬೆಂಕಿಗೆ ರೂಪ, ನೀರಿಗೆ ರುಚಿ, ಮಣ್ಣಿಗೆ ವಾಸನೆ. ಶಿಬಿರ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಸಿಗಲಿಕ್ಕಿಲ್ಲ. 40 ಜನರನ್ನು ಎಂಟೆಂಟರಂತೆ ಐದು ಗುಂಪು ಮಾಡಿ. ಐದು ಜಾಗ, ಒಂದೊಂದರಲ್ಲಿ 15 ನಿಮಿಷ, ಜಾಗ ಬದಲಿಸಲು 3 ನಿಮಿಷ. ಒಂದೂವರೆ ಗಂಟೆಯಲ್ಲಿ ಎಲ್ಲರೂ ಎಲ್ಲವನ್ನೂ ಮುಟ್ಟಿ ಬರುತ್ತಾರೆ.

ಮಣ್ಣಿನ ಜಾಗದಲ್ಲಿ ಮೂರ್ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿದ ಕೆಮ್ಮಣ್ಣನ್ನು ಅಗಲ ತಟ್ಟೆಯಲ್ಲಿ ಬೆರಳಿನ ದಪ್ಪಕ್ಕೆ ಹರಡಿ. ಮೊದಲು ಒಣ ಮಣ್ಣನ್ನೇ ಮೂಸಲಿ. ಆಮೇಲೆ ಬೆರಳು ಅದ್ದಿ ಹತ್ತು ಹದಿನೈದು ಹನಿ ಚಿಮುಕಿಸಿ, ಮುಖ ಹತ್ತಿರ ತರಲು ಹೇಳಿ. ಮೊದಲ ಮಳೆಯ ವಾಸನೆ ಅಲ್ಲೇ ಏಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಅದಕ್ಕೆ ಮುಖ್ಯ ಕಾರಣ. ಹನಿ ಬಿದ್ದಾಗ ಮಣ್ಣಿನ ರಂಧ್ರಗಳಲ್ಲಿದ್ದ ಗಾಳಿ ಗುಳ್ಳೆಯಾಗಿ ಒಡೆದು ಅದನ್ನು ಮೇಲೆ ಚಿಮ್ಮಿಸುತ್ತದೆ. ಲೋಟದಲ್ಲಿ ನೀರು ಸುರಿದರೆ ರಂಧ್ರ ತುಂಬಿ ವಾಸನೆ ಸತ್ತುಹೋಗುತ್ತದೆ. ಹೆಚ್ಚಿನವರು ಕೆಡಿಸುವುದು ಇಲ್ಲಿಯೇ. ನರ್ಸರಿಯ ತೆಂಗಿನ ನಾರಿನ ಮಿಶ್ರಣ ತಂದರೂ ಕೆಲಸ ಆಗದು. ಪ್ರತಿ ಗುಂಪಿಗೂ ಹೊಸ ತಟ್ಟೆ ಇಡಿ.

ನೀರಿನ ಜಾಗದಲ್ಲಿ ಬೆಲ್ಲ, ಹುಣಸೆ, ಉಪ್ಪು, ಕಾಳುಮೆಣಸು, ಬೇವಿನೆಲೆ, ಕೊನೆಗೆ ನೆಲ್ಲಿಕಾಯಿ. ನೆಲ್ಲಿ ಜಗಿದ ಮೇಲೆ ಕುಡಿದ ಬರೀ ನೀರು ಸಿಹಿಯಾಗುವುದನ್ನು ದೊಡ್ಡವರೂ ಮರೆತಿರುತ್ತಾರೆ. ಗಾಳಿಗೆ ಒಂದು ಮುಂಗೈ ಒದ್ದೆ, ಒಂದು ಒಣ ಮಾಡಿಕೊಂಡು ಕಣ್ಣುಮುಚ್ಚಿ ನಿಲ್ಲುವುದು. ಬೆಂಕಿಗೆ ಒಂದು ಹಣತೆ, ಗೋಡೆಯ ಮೇಲೆ ನೆರಳು. ಆಕಾಶಕ್ಕೆ ಒಂದು ಹಾಳೆ: ನಡುವೆ ತಾನು, ಸುತ್ತ ಯಾವ ದಿಕ್ಕಿನಿಂದ ಯಾವ ಸದ್ದು ಬಂತೋ ಅಲ್ಲಿ ಗುರುತು. ಮೈಕ್ ತರಲೇಬೇಡಿ. ಮುಖ್ಯ ಅತಿಥಿಯ ಭಾಷಣಕ್ಕೂ ಜಾಗ ಇಡಬೇಡಿ, ಅವರೂ ಒಂದು ಗುಂಪಿನಲ್ಲಿ ಕೂರಲಿ.

ಇನ್ನು ಕಾಲ. ನಾಲ್ಕು ಬೇಡ, ಮೂರು ಸಾಕು: ಯುಗಾದಿಯ ಸುತ್ತ, ಜೂನ್ ಮೊದಲ ಭಾಗ, ಸಂಕ್ರಾಂತಿಗೆ ಮುಂಚೆ. ಸೆಪ್ಟೆಂಬರಿನಲ್ಲಿ ಹೊರಗೆ ಶಾಮಿಯಾನ ಹಾಕುವ ಯೋಚನೆ ಬಿಡಿ. ಬೆಂಗಳೂರಿಗೆ ವರ್ಷದಲ್ಲೇ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಅದು ಒಂದು. ಆಯುರ್ವೇದದಲ್ಲಿ ವಾಗ್ಭಟರು ಹೇಳುವ ಋತುಸಂಧಿ, ಅಂದರೆ ಹೋಗುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ, ಇದಕ್ಕೆ ಒಪ್ಪುವ ಅವಧಿ. ಹಳೆಯ ರೂಢಿಯನ್ನು ಒಮ್ಮೆಲೇ ಬಿಡದೆ ಮೆಲ್ಲಗೆ ಹೊಸದಕ್ಕೆ ಹೊರಳಬೇಕು ಅನ್ನುವುದು ಅಲ್ಲಿಯ ಮಾತು. ಮನೆಗೆ ಹೋಗುವಾಗ ಒಂದೇ ಒಂದು ಬದಲಾವಣೆ ಹೇಳಿ ಕಳಿಸಿ. ಹತ್ತು ಹೇಳಿದರೆ ಒಂದೂ ಉಳಿಯುವುದಿಲ್ಲ.

ಪ್ರಶ್ನೆ: ತುಳುನಾಡಿನ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಯುವಕ ಮಂಡಲದಿಂದ ಕೆಸರುಗದ್ದೆ ಆಟ, ಹಾಲೆ ಮರದ ಕಷಾಯ, ಕಳಲೆ, ಪತ್ರೊಡೆ ಊಟ ಇಡುತ್ತೇವೆ. ಈ ಸಲ ಪೇಟೆಯಿಂದಲೂ 30 ಜನ ಬರುತ್ತಾರಂತೆ. ಏನು ಜಾಗ್ರತೆ ವಹಿಸಬೇಕು? (ಪುತ್ತೂರು)

ಉತ್ತರ: ನಿಮ್ಮದು ಹೊಸದಾಗಿ ಕಟ್ಟಬೇಕಾದ ಶಿಬಿರವೇ ಅಲ್ಲ, ಆಟಿ ತಾನೇ ಶಿಬಿರ. ಆದರೆ ಊರಿನವರಿಗೆ ಕೈಯಲ್ಲೇ ಗೊತ್ತಿರುವುದು ಪೇಟೆಯವರಿಗೆ ಗೊತ್ತಿರುವುದಿಲ್ಲ.

ಮೊದಲು ಕಷಾಯ, ಯಾಕೆಂದರೆ ಜೀವಕ್ಕೆ ಅಪಾಯ ಇರುವುದು ಇದರಲ್ಲಿ. ಆಟಿ ಅಮಾವಾಸ್ಯೆಯ ನಸುಕಿನ ಕತ್ತಲಲ್ಲಿ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವ ಪದ್ಧತಿ ಇದೆ. ಆ ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ವಿಷ. ಹಾಲೆಯಲ್ಲಿ ಒಂದೇ ಗಂಟಿನಿಂದ ಸುತ್ತಲೂ ಐದಾರು ಏಳು ಎಲೆ ಹೊರಡುತ್ತವೆ, ಕೆತ್ತಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರೆದುರು ಎರಡೆರಡು, ಹಾಲು ಇಲ್ಲ. ಹಾಲು ಬರುವ ಬೇರೆ ಮರಗಳೂ ಇವೆ, ಹಾಗಾಗಿ ಬರೀ ಹಾಲು ನೋಡಿ ತೀರ್ಮಾನಿಸಬೇಡಿ. ಮರ ಬಲ್ಲ ಹಿರಿಯರೊಬ್ಬರು ಹಿಂದಿನ ದಿನ ಹಗಲಲ್ಲೇ ಹೋಗಿ ಕಾಂಡಕ್ಕೆ ಬಳ್ಳಿ ಕಟ್ಟಿ ಬರಲಿ. ಬೆಳಗ್ಗೆ ಬಳ್ಳಿ ಇರುವ ಮರ ಬಿಟ್ಟು ಬೇರೆ ಮುಟ್ಟಕೂಡದು. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ದಿನಾ ಮಾತ್ರೆ ನುಂಗುವವರಿಗೆ ಕೊಡಬೇಡಿ.

ಕಳಲೆಯನ್ನು ಶಿಬಿರದ ದಿನ ಕೊಯ್ದು ಅಂದೇ ಬೇಯಿಸುವಂತಿಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತು ಇರುತ್ತದೆ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ಮುಳುಗುವಷ್ಟು ನೀರಲ್ಲಿ 3 ದಿನ ಇಟ್ಟು, ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ಹಾಕಿ. ನಾಲ್ಕನೇ ದಿನ ಮುಚ್ಚಳ ತೆರೆದು ಬೇಯಿಸಿ ಆ ನೀರನ್ನೂ ಚೆಲ್ಲಿ. ದಪ್ಪ ತುಂಡಾದರೆ ಒಳಗಿನ ಕಹಿ ಬಿಡುವುದಿಲ್ಲ. ಭಾನುವಾರ ಊಟ ಇದ್ದರೆ ಗುರುವಾರವೇ ಹೆಚ್ಚಿರಬೇಕು. ತೋಟದ ಬಿದಿರಿನದೇ ಇರಲಿ, ಅನುಮತಿ ಇಲ್ಲದೆ ಕಾಡಿನಿಂದ ಕಿತ್ತು ತಂದರೆ ಅರಣ್ಯ ಕಾನೂನಿಗೆ ಸಿಕ್ಕಿಬೀಳುತ್ತೀರಿ.

ಪತ್ರೊಡೆ ತಿಂದು ಗಂಟಲು ತುರಿಸಿತು ಅನ್ನುವುದಕ್ಕೆ ಕೆಸುವಿನ ಎಲೆಯಲ್ಲಿರುವ ಸೂಜಿಯಂಥ ಹರಳುಗಳು ಕಾರಣ. ಹಿಟ್ಟಿಗೆ ಹುಣಸೆಹುಳಿ ಕೈ ಬಿಚ್ಚಿ ಹಾಕಿ, ಹಬೆಯಲ್ಲಿ ಮುಕ್ಕಾಲು ಗಂಟೆ ಬಿಡಿ. ದಂಟಿನ ಬುಡ, ದಪ್ಪ ನರ ತೆಗೆದುಹಾಕಿ.

ಕೆಸರುಗದ್ದೆಗೆ ಇಳಿಯುವ ಮುಂಚೆ ಎಲ್ಲರ ಕಾಲು ನೋಡಿ. ಗಾಯ, ಬಿರುಕು, ಹುಣ್ಣು ಇದ್ದವರು ದಂಡೆಯಲ್ಲೇ ಇರಲಿ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ, ಅದರ ದಾರಿ ಇಂಥ ಗಾಯವೇ. ಆಟ ಮುಗಿದ ಕೂಡಲೇ ಸೋಪು, ಶುದ್ಧ ನೀರು. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ‘ಕೆಸರಿಗೆ ಇಳಿದಿದ್ದೆ’ ಅಂತ ವೈದ್ಯರಿಗೆ ತಾವಾಗಿಯೇ ಹೇಳಬೇಕು. ಪೇಟೆಯ ವೈದ್ಯರು ಅದನ್ನು ಕೇಳದೇ ಇರಬಹುದು.

ಪ್ರಶ್ನೆ: ಏಪ್ರಿಲ್‌ನಾಗ ‘ಅಗ್ನಿ ಶಿಬಿರ’ ಇಡಬೇಕಂತ ನಮ್ಮ ಶಾಲಿ ಹಳೆ ವಿದ್ಯಾರ್ಥಿಗಳ ಸಂಘದ್ದು ವಿಚಾರ. ಬೆಂಕಿ ಸುತ್ತ ಕುಂತು ಹಾಡು, ಧ್ಯಾನ. ಹೆಂಗ ಮಾಡೂದು? (ಕಲಬುರಗಿ)

ಉತ್ತರ: ಏಪ್ರಿಲ್‌ನಲ್ಲಿ ನಿಮ್ಮ ಊರಲ್ಲಿ ಸೂರ್ಯನೇ ಸಾಕಷ್ಟು ಅಗ್ನಿ ಶಿಬಿರ ನಡೆಸುತ್ತಿರುತ್ತಾನೆ, 40 ಡಿಗ್ರಿ ದಾಟಿದ ಮೇಲೆ ಇನ್ನೊಂದು ಬೆಂಕಿ ಯಾಕೆ? ಬೇಸಿಗೆಯಲ್ಲಿ ನೀರಿನ ಶಿಬಿರ ಮಾಡಿ, ಬೆಳಗ್ಗೆ 6ಕ್ಕೆ ಶುರುಮಾಡಿ 8ಕ್ಕೆ ಮುಗಿಸಿ. 30 ಜನಕ್ಕೆ ಪಾನಕ: 6 ಲೀಟರ್ ನೀರು, 700 ಗ್ರಾಂ ಬೆಲ್ಲ, 7 ನಿಂಬೆಹಣ್ಣು, 2 ಚಮಚ ಒಣಶುಂಠಿ ಪುಡಿ, 1 ಚಮಚ ಕಾಳುಮೆಣಸಿನ ಪುಡಿ, 15 ಏಲಕ್ಕಿ, ಎರಡು ಚಿಟಿಕೆ ಉಪ್ಪು. ಬೆಲ್ಲವನ್ನು ಒಂದು ಲೀಟರಿನಲ್ಲಿ ಮೊದಲು ಕರಗಿಸಿ ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ತಳದಲ್ಲಿ ಮರಳು ಸಿಗುತ್ತದೆ. ನಿಂಬೆ ಕೊನೆಗೆ. ಸಕ್ಕರೆ ಕಾಯಿಲೆಯವರಿಗೆ ಬೇರೆ ಪಾತ್ರೆಯಲ್ಲಿ ಮಜ್ಜಿಗೆ ಇರಲಿ. ಯಾರಿಗಾದರೂ ಮೈ ಕಾದು ಮಾತು ತಡವರಿಸಿದರೆ, ತಬ್ಬಿಬ್ಬಾದರೆ ನೆರಳಿಗೆ ತಂದು ಮೈಮೇಲೆ ನೀರು ಹಾಕುತ್ತಾ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಬೆಂಕಿಯನ್ನು ಚಳಿಗಾಲದ ಎಳ್ಳಮಾವಾಸ್ಯೆಗೆ ಇಟ್ಟುಕೊಳ್ಳಿ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿ (ಭೂತಾಯಿಗೆಂದು ಅಡುಗೆಯನ್ನು ಹೊಲದಲ್ಲಿ ಎರಚಿ), ಸಜ್ಜೆ ರೊಟ್ಟಿ, ಭಜ್ಜಿ ಉಂಡು ಬರುವ ದಿನ ಅದು; ಭೂಮಿಯ ಶಿಬಿರ ಹಗಲಲ್ಲೇ ಮುಗಿದಿರುತ್ತದೆ. ಅಮಾವಾಸ್ಯೆಯಾದ್ದರಿಂದ ರಾತ್ರಿ ಚಂದ್ರನಿಲ್ಲ. ಚಿಕ್ಕ ಬೆಂಕಿ ಹಾಕಿ, 8 ಗಂಟೆಗೆ ಆರಿಸಿ, ಕಣ್ಣು ಕತ್ತಲಿಗೆ ಹೊಂದಲು 20 ನಿಮಿಷ ಬಿಡಿ. ಆಗ ಯಾರೂ ಮೊಬೈಲ್ ತೆಗೆಯಬಾರದು. 9ರ ಹೊತ್ತಿಗೆ ನೆತ್ತಿಯ ಹತ್ತಿರ ಗೊಂಚಲಾಗಿ ಕೃತ್ತಿಕೆ, ಅದರಿಂದ ಪೂರ್ವಕ್ಕೆ ಕೆಂಪಗೆ ರೋಹಿಣಿ, ಆಮೇಲೆ ಮೃಗಶಿರ, ಮತ್ತೆ ಕೆಂಪಗೆ ಆರಿದ್ರಾ, ಇನ್ನೂ ಕೆಳಗೆ ಪುನರ್ವಸುವಿನ ಜೋಡಿ. ರೈತರು ಮಳೆ ಎಣಿಸುವ ಅದೇ ಕ್ರಮ ಆಕಾಶದಲ್ಲಿ ಸಾಲಾಗಿ ನಿಂತಿರುತ್ತದೆ. ಆರಿದ್ರಾ ಮಳೆಯ ಹೊತ್ತಿಗೆ, ಜೂನ್ ಕೊನೆಯಲ್ಲಿ, ಸೂರ್ಯ ಆ ನಕ್ಷತ್ರದ ಬಳಿಯೇ ಇರುವುದರಿಂದ ಅದು ರಾತ್ರಿ ಕಾಣುವುದಿಲ್ಲ. ಮಳೆಯ ಹೆಸರು ಗೊತ್ತಿದ್ದವರಿಗೂ ಚುಕ್ಕಿ ಗೊತ್ತಿಲ್ಲದಿರಲು ಇದೂ ಒಂದು ಕಾರಣ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಅನ್ನುವ ಗಾದೆಯನ್ನು ಆ ಚುಕ್ಕಿ ತೋರಿಸುತ್ತಾ ಹೇಳಿ ನೋಡಿ.

ಬೆಂಕಿಯ ಬಳಿ ಎರಡು ಬಕೆಟ್ ನೀರು, ಒಂದು ಬುಟ್ಟಿ ಮರಳು ಇರಲಿ. ನೈಲಾನ್ ಸೀರೆ, ಜೋತಾಡುವ ದುಪಟ್ಟಾದವರು ಹಿಂದಿನ ಸಾಲಿನಲ್ಲಿ ಕೂರಲಿ. ಸುಟ್ಟರೆ 20 ನಿಮಿಷ ಹರಿಯುವ ನೀರು ಬಿಡಿ. ಟೂತ್‌ಪೇಸ್ಟ್ ಬೇಡ, ಶಾಯಿ ಬೇಡ.

ಪ್ರಶ್ನೆ: ವಾಯು ತತ್ತ್ವದ ದಿನ ಎಲ್ಲರಿಗೂ ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಪ್ರಾಣಾಯಾಮ ಮಾಡಿಸಬಹುದೇ? ಬರುವವರಲ್ಲಿ ಹಿರಿಯರೇ ಹೆಚ್ಚು. (ಮೈಸೂರು)

ಉತ್ತರ: ಬೇಡ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಮೂರ್ಛೆರೋಗ, ಗ್ಲಾಕೋಮಾ ಇದ್ದವರಿಗೆ, ಬಸುರಿಯರಿಗೆ ಅವು ಆಗಿಬರುವುದಿಲ್ಲ, ಹಿರಿಯರ ಗುಂಪಿನಲ್ಲಿ ಇಂಥವರು ಇದ್ದೇ ಇರುತ್ತಾರೆ. 4 ಎಣಿಸುತ್ತ ಉಸಿರು ಒಳಗೆ, 6 ಎಣಿಸುತ್ತ ಹೊರಗೆ, ನಡುವೆ ತಡೆಹಿಡಿಯದೆ, 5 ನಿಮಿಷ. ಅಷ್ಟರಲ್ಲಿ ಸುಮಾರು 30 ಉಸಿರು ಆಗುತ್ತದೆ. ತಲೆ ಸುತ್ತಿ ಬೆರಳು ಜುಮ್ಮೆಂದರೆ ಅದು ಶಕ್ತಿ ಏರಿದ್ದಲ್ಲ, ಜೋರಾಗಿ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದದ್ದು. ನಿಲ್ಲಿಸಿ ಸಹಜವಾಗಿ ಉಸಿರಾಡಲಿ. ಪಕ್ಕದ ಸೈಟಿನಲ್ಲಿ ಕಾಂಗ್ರೆಸ್ ಗಿಡ ಹೂಬಿಟ್ಟಿದ್ದರೆ ಜಾಗ ಬದಲಿಸಿ. ಗಾಳಿಯ ಶಿಬಿರಕ್ಕೆ ಊದುಬತ್ತಿ ಹಚ್ಚುವವರೂ ಇದ್ದಾರೆ, ದಯವಿಟ್ಟು ಬೇಡ.

ಪ್ರಶ್ನೆ: ಮಾರ್ಚ್‌ನಲ್ಲಿ ಮಕ್ಕಳಿಂದ 200 ಬೇವಿನ ಬೀಜದುಂಡೆ ಮಾಡಿಸಿ ಜೂನ್‌ನಲ್ಲಿ ಎಸೆದೆವು. ಒಂದೂ ಮೊಳೆಯಲಿಲ್ಲ. ಏಕೆ? (ತುಮಕೂರು)

ಉತ್ತರ: ಬೀಜ ಆಗಲೇ ಸತ್ತಿತ್ತು. ಬೇವಿನ ಹಣ್ಣು ಉದುರುವುದು ಮುಂಗಾರು ಶುರುವಾದ ಮೇಲೆ; ಬೀಜಕ್ಕೆ ಮೊಳೆಯುವ ಶಕ್ತಿ ಇರುವುದು ಕೆಲವೇ ವಾರ. ಮಾರ್ಚ್‌ನಲ್ಲಿ ನಿಮಗೆ ಸಿಕ್ಕಿದ್ದು ಹಿಂದಿನ ವರ್ಷದ್ದು. ಆ ಕಾಲಕ್ಕೆ ಹೊಸದಾಗಿ ಸಿಗುವ ಹೊಂಗೆ, ಹುಣಸೆ ತೆಗೆದುಕೊಳ್ಳಿ. 200 ಉಂಡೆಗೆ ಜರಡಿ ಹಿಡಿದ ಕೆಮ್ಮಣ್ಣು 8 ಕೆ.ಜಿ., ಕಳಿತ ಗೊಬ್ಬರ 2 ಕೆ.ಜಿ., ನೀರು ಸುಮಾರು 2 ಲೀಟರ್. ನಿಂಬೆಹಣ್ಣಿನ ಗಾತ್ರ, ಒಂದಕ್ಕೆ ಒಂದೇ ಬೀಜ. ನೆರಳಲ್ಲಿ ಎರಡು ದಿನ ಒಣಗಿಸಿ. ಬಿಸಿಲಿಗಿಟ್ಟರೆ ಬಿರಿಯುತ್ತದೆ, ಒದ್ದೆಯಾಗಿ ಚೀಲಕ್ಕೆ ತುಂಬಿದರೆ ಒಳಗೇ ಮೊಳೆತು ಕೊಳೆಯುತ್ತದೆ. ಸೊಂಟದೆತ್ತರದಿಂದ ಬಿಟ್ಟಾಗ ಒಡೆಯಬಾರದು.

ಎಸೆಯುವುದು ಫೋಟೋಕ್ಕೆ ಚೆಂದ, ಬೀಜಕ್ಕಲ್ಲ. ಒಂದು ಮಳೆ ಬಿದ್ದ ಮೇಲೆ ಅರ್ಧ ಹೂತುಹೋಗುವಂತೆ ನೆಲಕ್ಕೆ ಒತ್ತಿಸಿ. ಬಯಲು ಕಂಡಲ್ಲೆಲ್ಲ ಹಾಕಲೂಬೇಡಿ. ನಿಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿಗೆ ಬೇಕಾದದ್ದು ಹುಲ್ಲುಗಾವಲು, ಕಾಡಲ್ಲ.

ಪ್ರಶ್ನೆ: ಮೌನದ ಅವಧಿಯಲ್ಲಿ ಒಬ್ಬರು ಅಳಲು ಶುರುಮಾಡಿದರು. ನಡೆಸುತ್ತಿದ್ದವರು ‘ಎಲ್ಲರ ಮುಂದೆ ಹೇಳಿಕೊಳ್ಳಿ, ಹಗುರಾಗ್ತೀರಿ’ ಅಂದರು. ಅತ್ತವರು ಎದ್ದು ಹೋದರು. ಏನು ಮಾಡಬೇಕಿತ್ತು? (ಧಾರವಾಡ)

ಉತ್ತರ: ಹೇಳಿಸಬಾರದಿತ್ತು. ಶಿಬಿರ ಚಿಕಿತ್ಸೆಯಲ್ಲ, ನಡೆಸುವವರು ಮನೋವೈದ್ಯರಲ್ಲ. ಶುರುವಿನಲ್ಲೇ ‘ಯಾವಾಗ ಬೇಕಾದರೂ ಎದ್ದು ಹೋಗಬಹುದು, ಕಾರಣ ಕೇಳುವುದಿಲ್ಲ’ ಅಂತ ಹೇಳಿ, ಬಾಗಿಲ ಹತ್ತಿರ ಎರಡು ಕುರ್ಚಿ, ನೀರು ಇಟ್ಟಿರಬೇಕು. ಮೊದಲ ಸಲ ಬಂದವರಿಗೆ ಮೌನ 5 ನಿಮಿಷ ಮೀರಬಾರದು, ಕಣ್ಣು ಮುಚ್ಚಲೇಬೇಕು ಅನ್ನಬಾರದು. ಅತ್ತವರ ಪಕ್ಕ ಒಬ್ಬರು ಸುಮ್ಮನೆ ಹೋಗಿ ಕುಳಿತರೆ ಸಾಕು, ಉಳಿದವರದು ಮುಂದುವರಿಯಲಿ. ಮರುದಿನ ಒಬ್ಬರೇ ಫೋನ್ ಮಾಡಿ ವಿಚಾರಿಸಿ, ವಾಟ್ಸಾಪ್ ಗುಂಪಿನಲ್ಲಿ ಬೇಡ. ಬದುಕು ಬೇಡ ಅನ್ನುವಂಥ ಮಾತು ಬಂದರೆ ಒಂಟಿಯಾಗಿ ಬಿಡದೆ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಜೊತೆಯಲ್ಲೇ ಕುಳಿತು ಕರೆ ಮಾಡಿ. ಶುಲ್ಕವಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಚೀಟಿ ಮಾಡಿ ಹಂಚಬೇಡಿ, ನೀರಿನ ಹೂಜಿಯ ಮೇಲಿನ ಗೋಡೆಗೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ನೀರು ಕುಡಿಯುವ ನೆಪದಲ್ಲಿ ಬೇಕಾದವರು ಓದಿಕೊಳ್ಳುತ್ತಾರೆ.