ಎಚ್ಚಿಂಗ್ ತೋರಿಸೋಕೆ ತಾಮ್ರ ಸಾಕು ಮೇಡಂ

ಮೇಡಂ, ಕಾರವಾರದಲ್ಲಿ ಡಿಪ್ಲೊಮಾ ಮಕ್ಕಳಿಗೆ ಚಿಪ್ ತಯಾರಿಕೆಯ ಎಚ್ಚಿಂಗ್ (ಬೇಡದ ಭಾಗವನ್ನು ರಾಸಾಯನಿಕದಿಂದ ಕೊರೆದು ತೆಗೆಯುವುದು) ಕಲಿಸಬೇಕು, ಲ್ಯಾಬಿನಲ್ಲಿ ಸಿಲಿಕಾನ್ ಇಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ತಾಮ್ರದಿಂದಲೇ ಶುರು ಮಾಡಿ.

ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್) ಮಾಡುವ ತಾಮ್ರದ ಬೋರ್ಡಿನ ಎರಡು ತುಂಡು ತೆಗೆದುಕೊಳ್ಳಿ. ಎರಡರ ಮೇಲೂ ಪರ್ಮನೆಂಟ್ ಮಾರ್ಕರಿನಿಂದ ದಪ್ಪ, ಸಣ್ಣ, ತೀರಾ ಸಣ್ಣ ಗೆರೆ ಎಳೆಸಿ. ಪ್ಲಾಸ್ಟಿಕ್ ಟ್ರೇಯಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣ ಇರಲಿ. ಬಯಲಾಗಿದ್ದ ತಾಮ್ರ ಹೋದ ಕೂಡಲೇ ಒಂದನ್ನು ಎತ್ತಿ, ಇನ್ನೊಂದನ್ನು ಸುಮ್ನೆ ಅಲ್ಲೇ ಬಿಡಿ. ಆಮೇಲೆ ಎರಡನ್ನೂ ತೊಳೆದು, ಶಾಯಿ ಒರೆಸಿ ಭೂತಗನ್ನಡಿಯಲ್ಲಿ ನೋಡಲಿ. ಜಾಸ್ತಿ ಹೊತ್ತು ಬಿಟ್ಟದ್ದರಲ್ಲಿ ಸಣ್ಣ ಗೆರೆಯ ಅಂಚು ಕೊರೆದು, ಅಲ್ಲಲ್ಲಿ ತುಂಡೇ ಆಗಿರುತ್ತದೆ. ಮೇಲೆ ಶಾಯಿ ಇದ್ದರೂ ದ್ರಾವಣ ಪಕ್ಕದಿಂದ ನುಗ್ಗುತ್ತದೆ, ಅಲ್ವಾ? ಅದೇ ಅಂಡರ್‌ಕಟ್. ಸಾಮಾನ್ಯ ಬೋರ್ಡಿನ ತಾಮ್ರ 35 ಮೈಕ್ರಾನ್ ದಪ್ಪ. ಹೀಗೆ ಪಕ್ಕಕ್ಕೂ ತಿನ್ನುತ್ತಾ ಹೋದರೆ ನ್ಯಾನೊಮೀಟರ್ ಲೆಕ್ಕದ ಗೆರೆ ಉಳಿಯುವುದುಂಟೇ? ಚಿಪ್‌ನವರು ದ್ರಾವಣ ಬಿಟ್ಟು, ವಿದ್ಯುದಾವೇಶದ ಅನಿಲದಿಂದ ನೇರ ಕೆಳಕ್ಕೆ ಕೊರೆಯುವ ಪ್ಲಾಸ್ಮಾ ಎಚ್ಚಿಂಗಿಗೆ ಹೋದದ್ದು ಇದಕ್ಕೇ.

ಸಿಲಿಕಾನಿನ ಸ್ವಭಾವ ಬೇರೆ. ಕಟ್ಟಿಗೆ ನಾರಿನ ಗುಂಟ ಸಲೀಸಾಗಿ ಸೀಳುವ ಹಾಗೆ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅದನ್ನು ಹರಳಿನ ಕೆಲವು ದಿಕ್ಕಿನಲ್ಲಷ್ಟೇ ಬೇಗ ಕರಗಿಸುತ್ತದೆ. ಮೇಲ್ಮೈ ಹರಳಿನ (100) ಎಂಬ ಸಮತಲದಲ್ಲಿರುವ ಸಿಲಿಕಾನ್ ಬಿಲ್ಲೆಯಲ್ಲಿ, ಅಂದರೆ (100) ವೇಫರ್‌ನಲ್ಲಿ 54.7 ಡಿಗ್ರಿ ಓರೆ ಗೋಡೆಯ ಗುಂಡಿ ಬೀಳುತ್ತದೆ. ಪ್ರೆಶರ್ ಸೆನ್ಸರಿನ ತೆಳು ಪರದೆಯನ್ನು ಹೀಗೂ ಮಾಡುತ್ತಾರೆ. ಇದಕ್ಕೆ ಕರಿಹಲಗೆಯ ಮೇಲೆ ಚಿತ್ರ ಸಾಕು. ಚಿಪ್ ಎಚ್ಚಿಂಗಿನಲ್ಲಿ ಬಳಸುವ, ತುಂಬಾ ಅಪಾಯಕಾರಿಯಾದ ಹೈಡ್ರೋಫ್ಲೋರಿಕ್ ಆಮ್ಲದ ತಂಟೆಗೆ ಮಾತ್ರ ಹೋಗಲೇಬೇಡಿ.

ಗ್ಲೌಸ್, ಕನ್ನಡಕ ಕಡ್ಡಾಯ. ಫೆರಿಕ್ ಕ್ಲೋರೈಡ್ ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪ ಹಾಕಿ, ಬಿಸಿಯಾಗುತ್ತದೆ. ನಮ್ಮ ಕರಾವಳಿ ಮಳೆಗಾಲದಲ್ಲಿ ಡಬ್ಬಿ ಬಿಗಿಯಾಗಿ ಮುಚ್ಚಿಡದಿದ್ದರೆ ತೇವ ಹೀರಿ ಕೆಸರಾಗುತ್ತದೆ. ಬಳಸಿದ ದ್ರಾವಣದಲ್ಲಿ ತಾಮ್ರ ಇರುತ್ತದೆ, ಸಿಂಕಿಗೆ ಸುರಿಯದೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ಎತ್ತಿಡಿ.