ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಹಳೆಯ ಭತ್ತದ ಗದ್ದೆಗಳು ವೈಮಾನಿಕ ಚಿತ್ರಗಳಲ್ಲಿ ಇಂದಿಗೂ ಅಷ್ಟು ಸ್ಪಷ್ಟವಾಗಿ ಕಾಣಿಸುವುದು ಏಕೆ?

ಮಣ್ಣಿನ ಒಡ್ಡುಗಳು ಇನ್ನೂ ಪೂರ್ತಿ ಅಳಿದಿಲ್ಲ, ಅದೇ ಮುಖ್ಯ ಕಾರಣ. ಕೂಪರ್, ಸ್ಯಾಂಟೀ ನದಿಗಳ ದಡದಲ್ಲಿ ನಿಂತು ನೋಡಿದರೆ ಬರೀ ಜೌಗು ಹುಲ್ಲು. ಮೇಲಿನಿಂದ ನೋಡಿದರೆ ಚೌಕ ಚೌಕವಾದ ಗದ್ದೆಗಳು, ನೇರ ಕಾಲುವೆಗಳು.

18ನೇ ಶತಮಾನದಲ್ಲಿ ಇಲ್ಲಿನ ಸೈಪ್ರಸ್ ಮರಗಳ ಜೌಗುಕಾಡನ್ನು ಕಡಿದು ಈ ಒಡ್ಡುಗಳನ್ನು ಕಟ್ಟಿದವರು ಆಫ್ರಿಕಾ ಮೂಲದ ಗುಲಾಮರು. ಸಮುದ್ರದ ಉಬ್ಬರ ನದಿಯ ಸಿಹಿನೀರನ್ನು ಮೇಲಕ್ಕೆ ತಳ್ಳಿದಾಗ ಮರದ ತೂಬು ತೆರೆದು ಗದ್ದೆಗೆ ನೀರು ಹಾಯಿಸುತ್ತಿದ್ದರು, ಇಳಿತದಲ್ಲಿ ಹೊರಬಿಡುತ್ತಿದ್ದರು. ಪಶ್ಚಿಮ ಆಫ್ರಿಕಾದಲ್ಲಿ ಭತ್ತದ ಕೃಷಿ ಬಹಳ ಹಳೆಯದು. ಆ ಅನುಭವದ ಪಾಲು ಇಲ್ಲಿ ಎಷ್ಟೆಂದು ಇತಿಹಾಸಕಾರರು ಚರ್ಚಿಸುತ್ತಾರೆ. ದುಡಿಮೆ ಯಾರದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಇಂಥ ಚಿತ್ರಗಳಿಗೆ ‘ಸುಂದರ ನಿಸರ್ಗ’ ಎಂದಷ್ಟೇ ಶೀರ್ಷಿಕೆ ಕೊಡುವುದು ಅನ್ಯಾಯವೆಂದೇ ನನ್ನ ಭಾವನೆ.

1865ರಲ್ಲಿ ಗುಲಾಮಗಿರಿ ಕೊನೆಗೊಂಡಿತು. ಆಮೇಲೆ 1893 ಮತ್ತು 1911ರ ಚಂಡಮಾರುತಗಳು ಒಡ್ಡುಗಳನ್ನು ಒಡೆದವು, ಬೇಸಾಯ ನಿಂತಿತು. ಕೆಲವನ್ನು ಬಾತುಕೋಳಿಗಳ ಬೇಟೆಗಾಗಿ ದುರಸ್ತಿ ಮಾಡಿ ಉಳಿಸಿಕೊಂಡರು. ಅವೇ ಇಂದು ಅತ್ಯಂತ ಸ್ಪಷ್ಟವಾಗಿ ಕಾಣುತ್ತವೆ.

ಚಿತ್ರ ತೆಗೆಯಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು, ತಗ್ಗಾದ ಒಡ್ಡಿಗೂ ನೆರಳು ಬೀಳುತ್ತದೆ. ಮರಗಳಡಿ ಮರೆಯಾದ ಒಡ್ಡುಗಳಿಗೆ ಕ್ಯಾಮೆರಾ ಸಾಲದು, ಲೇಸರ್ ಅಳತೆಯ ಲೈಡಾರ್ ಬೇಕು.